ಇಂಗಾಳ ಕೊರಳ ಗಂಟೆ

ಆ ಶುಕ್ರವಾರ ಬೆಳಗ್ಗೆ ಸಿಯಾಟಲ್ ಬಳಿಯ ನಾರ್ತ್ ಕ್ರೀಕಿನ ತಗ್ಗಿನಲ್ಲಿ ಮಂಜು ಕೆರೆಗೆ ಬಿದ್ದ ಎಮ್ಮೆಯ ಹಾಗೆ ಮಲಗಿಬಿಟ್ಟಿತ್ತು. ಎಬ್ಬಿಸಿದರೂ ಏಳುವಂಥದ್ದಲ್ಲ. ಎದುರಿನ ಅಪಾರ್ಟ್‌ಮೆಂಟು ಕಾಣದು, ಅದರಾಚೆಯ ಆಫೀಸು ಕಟ್ಟಡಗಳು ಕಾಣವು; ಹೆದ್ದಾರಿಯ ಕಾರುಗಳ ಸದ್ದು ಮಾತ್ರ ಎಲ್ಲಿಂದಲೋ ಬಂದು ಎಲ್ಲಿಗೋ ಹೋಗುತ್ತಿತ್ತು. ಮಳೆಯೂ ಅಲ್ಲ, ಬಿಸಿಲೂ ಅಲ್ಲ. ಈ ದಿನವನ್ನು ಏನು ಮಾಡಬೇಕೆಂದು ದೇವರು ಇನ್ನೂ ತೀರ್ಮಾನಿಸಿಲ್ಲವೇನೋ ಎಂಬಂಥ ಬೆಳಗು.

ಕವನಾ ಬಾಗಿಲ ಬಳಿ ಶೂ ಹಾಕಿಕೊಳ್ಳುತ್ತಿದ್ದಳು. ಪಕ್ಕದಲ್ಲಿ ಬಿಳಿ ದಾರದಿಂದ ಕಟ್ಟಿದ ಒಂದು ರಟ್ಟಿನ ಡಬ್ಬ. ಅಜ್ಜಿ ಚಿಕ್ಕತಾಯಮ್ಮ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತಾ ಬಂದು ನಿಂತಳು. ಡಬ್ಬದ ಕಡೆ ನೋಡಲಿಲ್ಲ. ಮೊಮ್ಮಗಳ ಕತ್ತಿಗೆ ಸುತ್ತಿದ್ದ ಉಣ್ಣೆಯ ಶಾಲಿನ ಕಡೆಗೇ ನೋಡಿದಳು.

"ಸರ ಎಲ್ಲವ್ವ? ವಾರದಿಂದ ಕಾಣ್ನಿಲ್ಲ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಕವನಾಳ ಕೈ ತಾನಾಗಿಯೇ ಶಾಲಿಗೆ ಹೋಯಿತು. ಬಚ್ಚಲಿನಲ್ಲಿ ಬಿಚ್ಚಿಟ್ಟಿದ್ದೀನಿ ಅಜ್ಜಿ, ಬಂದಮೇಲೆ ಹಾಕ್ಕೋತೀನಿ ಎಂದು ಹೇಳಿ, ಡಬ್ಬ ಎತ್ತಿಕೊಂಡು ಹೊರಟಳು. ಅಜ್ಜಿ ಮತ್ತೇನೂ ಕೇಳಲಿಲ್ಲ. ಮಾತಿಗೆ ಮಾತು ಸೇರಿಸದೆ ಬಿಡುವ ಹೆಂಗಸಲ್ಲ ಅವಳು. ಆ ಮೌನ ಕವನಾಳಿಗೆ ಕಾರಿನಲ್ಲಿ ಕೂತ ಮೇಲೂ ಚುಚ್ಚುತ್ತಿತ್ತು. ಆದರೆ ಅವಳ ತಲೆಯಲ್ಲಿ ಆಗ ಬೇರೆ ಯೋಚನೆಗಳಿದ್ದವು.

ಕವನಾ ಕಾಲೇಜಿನ ಮೂರನೆಯ ವರ್ಷದವಳು. ಊರಿನ ಇತಿಹಾಸ ಸಂಘದಲ್ಲಿ ಇಂಟರ್ನ್‌ಶಿಪ್ ಹಿಡಿದಿದ್ದಳು. ಈಗ ಕಂಪನಿಗಳೂ ಬಹುಮಹಡಿ ಮನೆಗಳೂ ನಿಂತಿರುವ ಈ ಕಣಿವೆಯಲ್ಲಿ ಒಂದು ಕಾಲಕ್ಕೆ ದನ ಮೇಯುತ್ತಿದ್ದವು. ಆ ಕಾಲದ ದನಗಾರ ಮನೆತನಗಳ ಚಿತ್ರ, ಪರಿಕರ, ಮಾತು, ಎಲ್ಲವನ್ನೂ ಕಲೆಹಾಕಿ ಕಂಪ್ಯೂಟರಿನೊಳಗೆ ಒಂದು ಭಂಡಾರ ಕಟ್ಟುವುದು ಅವಳ ಕೆಲಸ. ಮುದುಕರ ಎದುರು ಕೂತು ಮಾತು ರೆಕಾರ್ಡ್ ಮಾಡಬೇಕು, ಹಳೆಯ ಚಿತ್ರ ಸ್ಕ್ಯಾನ್ ಮಾಡಬೇಕು, ಯಾವುದು ಯಾರದು ಎಂದು ಬರೆದು, ತಂದದ್ದನ್ನು ತಂದ ಹಾಗೆಯೇ ಹಿಂತಿರುಗಿಸಬೇಕು. ಸಂಘದ ಮೇಲ್ವಿಚಾರಕಿ ಗ್ರೇಸ್ ಮೊದಲ ದಿನವೇ ಹೇಳಿದ್ದಳು: ಇಲ್ಲಿ ನಮ್ಮ ಬಂಡವಾಳ ಒಂದೇ, ಜನ ನಮ್ಮನ್ನು ನಂಬುವುದು.

ನಂಬದ ಒಬ್ಬನಿದ್ದ. ಆರ್ವಿಡ್ ಎಂಬ ಮುದುಕ, ನಾರ್ವೆಯಿಂದ ಬಂದವರ ಮೊಮ್ಮಗ. ಮಾಲ್ಟ್‌ಬಿ ಕಡೆಯ ಏರಿನಲ್ಲಿ ಉಳಿದಿದ್ದ ತುಂಡು ನೆಲದಲ್ಲಿ ಇನ್ನೂ ಹತ್ತಾರು ದನ ಇಟ್ಟುಕೊಂಡಿದ್ದ. ಕೆಳಗಿನ ಹುಲ್ಲುಗಾವಲು ಅವನ ಅಪ್ಪನ ಕಾಲದಲ್ಲೇ ಕಾಗದದ ಮೇಲೆ ಕಾಗದ ಸಹಿಯಾಗಿ ಕೈಬಿಟ್ಟು ಹೋಗಿತ್ತು. ಆಮೇಲೊಬ್ಬ, ಪತ್ರಿಕೆಗೆ ಬರೆಯುತ್ತೇನೆಂದು ಬಂದವನು, ಅವನ ತಾಯಿಯ ಮದುವೆ ಚಿತ್ರಗಳ ಆಲ್ಬಮ್ ಒಯ್ದು ಮತ್ತೆ ಮುಖ ತೋರಿಸಿರಲಿಲ್ಲ. ಅಂದಿನಿಂದ ಮುದುಕ ಯಾವ ಕಾಗದಕ್ಕೂ ಸಹಿ ಹಾಕುವವನಲ್ಲ, ಯಾರಿಗೂ ಏನನ್ನೂ ಕೊಡುವವನಲ್ಲ. ಬೇಸಗೆಯೆಲ್ಲ ಕವನಾ ಅವನ ಕೊಟ್ಟಿಗೆಗೆ ಹೋಗಿ ಹೋಗಿ, ಹುಲ್ಲಿನ ಮೂಟೆಯ ಮೇಲೆ ಕೂತು, ಅವನು ಬೈದರೂ ನಕ್ಕು, ಕೊನೆಗೆ ಅವನ ಬಾಯಿಂದ ಮಾತು ಹೊರಡಿಸಿದ್ದಳು. ಭಂಡಾರದ ಅರ್ಧಪಾಲು ಈಗ ಅವನ ಮಾತೇ.

ಅವನ ಕೊಟ್ಟಿಗೆಯಲ್ಲಿ ಒಂದು ಗಂಟೆ ಇತ್ತು. ಹಿಂಡಿನ ಮುಂದೆ ನಡೆಯುವ ಹಸುವಿನ ಕೊರಳಿಗೆ ಕಟ್ಟುವ ಹಿತ್ತಾಳೆಯ ಗಂಟೆ; ಅವನ ಅಜ್ಜ ಹಡಗಿನಲ್ಲಿ ತಂದದ್ದು. ಆಗ ಅದು ಇಂಗಾ ಎಂಬ ಮುದಿ ಕೆಂಪು ಹಸುವಿನ ಕೊರಳಲ್ಲಿತ್ತು. ಅದರ ದನಿಯನ್ನು ಗಾಳಿ, ಟ್ರಾಫಿಕ್ಕು ಸೇರದಂತೆ ಸಂಘದ ಮುಚ್ಚಿದ ಕೋಣೆಯಲ್ಲಿ ಹಿಡಿಯಬೇಕೆಂದು ಕವನಾಳಿಗೆ ಆಸೆ. ಕೇಳಿದಳು. ಮುದುಕ, ಸಂಘದ ಕಾಗದಕ್ಕೆ ಸಹಿ ಹಾಕಲಾರೆ ಎಂದ. ಮತ್ತೆ, "ನೀನು ವಾಪಸು ಬಂದೇ ಬರುವಂಥದ್ದು ಏನಾದರೂ ಇಟ್ಟುಹೋಗು" ಎಂದ.

ಅವಳ ಹತ್ತಿರ ಏನಿತ್ತು? ಫೋನ್ ಕೊಟ್ಟರೆ ಕೆಲಸ ನಡೆಯದು. ಕತ್ತಿನಲ್ಲಿ ಅಜ್ಜಿ ಹಾಕಿದ್ದ ಸರವಿತ್ತು. ಲಕ್ಷ್ಮಿಯ ಕಾಸು ಪೋಣಿಸಿದ ಎಳೆ ಸರ, ಅಜ್ಜಿಗೆ ಅವಳ ತಾಯಿಯಿಂದ ಬಂದದ್ದು. ಬಿಚ್ಚಿಕೊಟ್ಟಳು. ಕೊಡುವಾಗ ಅದು ಸಾಹಸವೆಂದೂ ಅನ್ನಿಸಲಿಲ್ಲ, ತಪ್ಪೆಂದೂ ಅನ್ನಿಸಲಿಲ್ಲ. ಒಂದು ವಾರದ ಮಾತು. ಆದರೆ ಸಂಘದ ನಿಯಮದಲ್ಲಿ ಹೀಗೆ ಒತ್ತೆ ಇಡುವುದು ಇರಲಿಲ್ಲ. ಹಾಗಾಗಿ ಗ್ರೇಸ್‌ಗೆ ಹೇಳಲಿಲ್ಲ. ಅಜ್ಜಿಗೆ ಹೇಳಿದರೆ ರಂಪವಾದೀತು, ಅಜ್ಜಿಗೂ ಹೇಳಲಿಲ್ಲ. ಒಂದು ಗುಟ್ಟನ್ನು ಎರಡು ಕಡೆ ಬಚ್ಚಿಟ್ಟವರಿಗೆ ಮೂರನೆಯ ಕಡೆ ನಿಲ್ಲಲು ಜಾಗ ಇರುವುದಿಲ್ಲ.

ಗಂಟೆ ಈ ಶುಕ್ರವಾರ ವಾಪಸಾಗಲೇಬೇಕಿತ್ತು. ಶನಿವಾರ ಬೆಳಗ್ಗೆ ಆರ್ವಿಡ್‌ನ ದನಗಳನ್ನು ಒಯ್ಯಲು ಲಾರಿ ಬರುವುದಿತ್ತು. ಮೊಣಕಾಲು ಸೋತಿತ್ತು, ಮನೆ ಮಾರಿಯಾಗಿತ್ತು, ಸಾಮಾನೆಲ್ಲ ಪೆಟ್ಟಿಗೆ ಸೇರಿತ್ತು. ಇಂಗಾ ಗಂಟೆಯಿಲ್ಲದೆ ಹೆಜ್ಜೆ ಇಡುವವಳಲ್ಲ, ಇಂಗಾ ನಡೆಯದಿದ್ದರೆ ಉಳಿದವೂ ನಡೆಯುವುದಿಲ್ಲ ಎಂದು ಅವನು ಮೂರು ಸಲ ಹೇಳಿ ಕಳಿಸಿದ್ದ.

*

ಗೇಟಿನ ಬಳಿ ಮಂಜಿನೊಳಗಿಂದ ಮೊದಲು ಮುದುಕನ ಟೋಪಿ ಕಂಡಿತು, ಆಮೇಲೆ ಮುದುಕ. ಕವನಾ ಡಬ್ಬವನ್ನು ಅವನ ಕೈಗಿತ್ತು ಗೇಟು ಹಾಕಿ ಬಂದಳು. ಅಷ್ಟರಲ್ಲಿ ಅವನು ಅದನ್ನು ಕೊಟ್ಟಿಗೆಯ ಹಲಗೆಯ ಮೇಲಿಟ್ಟಿದ್ದ.

"ತೆಗೆ" ಎಂದ.

ದಾರ ಬಿಚ್ಚಿದಳು. ಮೇಲೆ ಬಿಳಿ ಬಟ್ಟೆ. ಬಟ್ಟೆ ಸರಿಸಿದರೆ ಕಲ್ಲು. ನುಣ್ಣನೆಯ, ಉರುಟಾದ, ಹೊಳೆಯ ಕಲ್ಲುಗಳು. ಅಪಾರ್ಟ್‌ಮೆಂಟು, ಆಫೀಸು, ಬ್ಯಾಂಕು ಎನ್ನದೆ ಎಲ್ಲದರ ಮುಂದೆಯೂ ಗಿಡದ ಬುಡಕ್ಕೆ ಸುರಿಯುತ್ತಾರಲ್ಲ, ಅಂಥವು. ತೂಕ ಗಂಟೆಯದೇ. ಗಂಟೆ ಇಲ್ಲ.

ಕವನಾ ಬಟ್ಟೆಯನ್ನು ಕೊಡವಿ ನೋಡಿದಳು. ಆರ್ವಿಡ್ ಒಂದು ಕಲ್ಲು ಎತ್ತಿ ತಿರುಗಿಸಿ ನೋಡಿದ. ಅವನು ಕೂಗಾಡಿದ್ದರೆ ಚೆನ್ನಾಗಿತ್ತು. ಕೂಗಾಡಲಿಲ್ಲ.

"ನಮ್ಮಪ್ಪ ಈ ನೆಲದಿಂದ ಕಲ್ಲು ಆರಿಸೀ ಆರಿಸೀ ಸತ್ತ" ಎಂದ. "ನೀನು ನನಗೆ ಕಲ್ಲು ತಂದುಕೊಟ್ಟೆಯಾ?"

ಅವಳು ಏನೇನೋ ಹೇಳಿದಳು. ನಿನ್ನೆ ಸಂಜೆ ಸಂಘದಲ್ಲಿ ಕಣ್ಣಾರೆ ನೋಡಿದ್ದೆ, ಅಲ್ಲಿಯೇ ಉಳಿದಿರಬೇಕು, ಈಗಲೇ ತರುತ್ತೇನೆ ಎಂದಳು. ಹೇಳುತ್ತ ಹೇಳುತ್ತ ತನ್ನ ದನಿಯೇ ತನಗೆ ಸುಳ್ಳಿನ ಹಾಗೆ ಕೇಳಿಸಿತು. ಮುದುಕ ಕಲ್ಲನ್ನು ಡಬ್ಬಕ್ಕೇ ಹಾಕಿ ಅವಳ ಕೈಗೆ ಕೊಟ್ಟ. ನಾಳೆ ಎಂಟಕ್ಕೆ ಲಾರಿ ಬರುತ್ತದೆ, ಅಷ್ಟರೊಳಗೆ ಗಂಟೆ ಬರಬೇಕು, ಬಾರದಿದ್ದರೆ ಸರ ಕೊಡುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ತಾನು ಈ ಬೇಸಗೆಯೆಲ್ಲ ಆಡಿದ ಮಾತು, ತೋರಿಸಿದ ಚಿತ್ರ ಒಂದನ್ನೂ ಉಳಿಸದೆ ಅಳಿಸಿಹಾಕಬೇಕು, ಅದನ್ನು ತಾನೇ ಗ್ರೇಸ್‌ಗೆ ಹೇಳುತ್ತೇನೆ ಎಂದ. ಹೋಗುವಾಗ ತಿರುಗಿ, "ಆಲ್ಬಮ್ ಒಯ್ದವನೂ ನಿನ್ನ ಹಾಗೇ ನಗುನಗುತ್ತಾ ಬಂದಿದ್ದ" ಎಂದ.

ಕೊಟ್ಟಿಗೆಯ ಕತ್ತಲಿನಲ್ಲಿ ಇಂಗಾ ನಿಂತಿತ್ತು. ಕೊರಳಲ್ಲಿ ಪಟ್ಟಿಯ ಗುರುತು, ಕೂದಲು ಸವೆದ ಬೋಳು ಗೆರೆ. ಕವನಾ ತನ್ನ ಶಾಲಿನೊಳಗೆ ಕೈಹಾಕಿ ಕತ್ತು ಮುಟ್ಟಿಕೊಂಡಳು.

ಅನುಮಾನವೆಂಬುದು ದನದ ಮೈಯ ಉಣ್ಣಿ ಇದ್ದಂತೆ. ಒಂದು ಕಂಡಿತೆಂದರೆ ಹತ್ತು ಇವೆ ಎಂದೇ ಲೆಕ್ಕ. ಕಾರು ತಿರುಗಿಸುವಷ್ಟರಲ್ಲೇ ಕವನಾಳ ಮೈತುಂಬ ಹತ್ತಿಕೊಂಡವು. ಮೊದಲಿಗೆ ಮುದುಕನೇ ಕಂಡ. ಗೇಟು ಹಾಕಿ ಬರುವಷ್ಟರಲ್ಲಿ ಡಬ್ಬ ಅವನ ಕೈಯಲ್ಲಿತ್ತಲ್ಲ? ಆಡಿದ ಮಾತನ್ನು ಹಿಂದಕ್ಕೆ ಪಡೆಯಲು ನೆಪ ಬೇಕಿತ್ತೇನೋ. ಚಿನ್ನದ ಮೇಲೆ ಕಣ್ಣು ಬಿತ್ತೇನೋ. ಆದರೆ ಕಲ್ಲು ತುಂಬಲು ಅಷ್ಟು ಹೊತ್ತು ಸಿಕ್ಕಿರಲಿಲ್ಲ. ಹಾಗಾದರೆ ಗಂಟೆ ಸಂಘದಲ್ಲೇ ಹೋಗಿರಬೇಕು. ಸಂಘದಲ್ಲಿ ಡಬ್ಬ ಕಟ್ಟಿದವನು ವರುಣ್.

ವರುಣ್ ಅವಳ ಜೊತೆಯ ಇನ್ನೊಬ್ಬ ಇಂಟರ್ನ್. ಹಾಸನದವರ ಮಗ, ಇಲ್ಲೇ ಹುಟ್ಟಿದವನು, ಸಿಯಾಟಲ್‌ನ ಫ್ರೀಮಾಂಟಿನಲ್ಲಿ ವಾಸ. ವಸ್ತುಗಳ ಫೋಟೋ ತೆಗೆಯುವುದು ಅವನ ಪಾಲಿನ ಕೆಲಸ. ನಿನ್ನೆ ಗಂಟೆಯ ನಾಲಿಗೆ ಅಲುಗದಂತೆ ಹತ್ತಿ ತುರುಕಿ, ಬಟ್ಟೆ ಸುತ್ತಿ, ಡಬ್ಬಕ್ಕಿಟ್ಟು ದಾರ ಬಿಗಿದವನು ಅವನೇ. ಇಂಥ ಗಂಟೆಗೆ ಆನ್‌ಲೈನಿನಲ್ಲಿ ಒಳ್ಳೆಯ ಬೆಲೆ ಬರುತ್ತೆ ಗೊತ್ತಾ ಎಂದು ಕೇಳಿದವನೂ ಅವನೇ. ಅಲ್ಲದೆ ಈ ವಾರವೆಲ್ಲ ಅವಳು ಬಳಿ ಹೋದಾಗ ಲ್ಯಾಪ್‌ಟಾಪ್ ಮುಚ್ಚುತ್ತಿದ್ದ. ಆಗ ಅದೇನೂ ಅನ್ನಿಸಿರಲಿಲ್ಲ. ಈಗ ಅದೇ ದೊಡ್ಡದಾಗಿ ಕಾಣಿಸಿತು. ಅನುಮಾನಕ್ಕೆ ಬೀಜ ಬಿತ್ತಬೇಕಾಗಿಲ್ಲ. ಹಳೆಯ ಮಾತುಗಳೇ ಮೊಳೆಯುತ್ತವೆ.

ಹಳೆಯ ಶಾಲೆಯ ಕಟ್ಟಡದಲ್ಲಿದ್ದ ಸಂಘಕ್ಕೆ ಹೋಗಿ ಮಧ್ಯಾಹ್ನ ಕಳೆಯುವತನಕ ಕೋಣೆ ಕೋಣೆ ಹುಡುಕಿದಳು. ಗಂಟೆ ಇರಲಿಲ್ಲ. ಗ್ರೇಸ್ ಆ ದಿನ ಬಂದಿರಲಿಲ್ಲ. ವರುಣ್ ಬಂದು, ಏನು ಹುಡುಕುತ್ತಿದ್ದೀಯ ಎಂದ. ಅವಳು ನೇರವಾಗಿ ಕೇಳಿದಳು. ಇಬ್ಬರೂ ಇಂಗ್ಲಿಷಿನಲ್ಲೇ ಮಾತಾಡಿದರು, ಎಂದಿನಂತೆ. ಡಬ್ಬಕ್ಕೆ ಗಂಟೆಯನ್ನೇ ಇಟ್ಟೆಯಾ? ಇಟ್ಟೆ. ನಿಜವಾಗಿ? ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದಾಗ ಮುಖ ಕೆಂಪೇರಿತು. ಲ್ಯಾಪ್‌ಟಾಪನ್ನು ಅವಳ ಕಡೆ ತಿರುಗಿಸಿದ. ಮುಂದಿನ ಬೇಸಗೆಗೆ ಒಂದು ಕಂಪನಿಗೆ ಹಾಕುತ್ತಿದ್ದ ಅರ್ಜಿ ಅದರಲ್ಲಿತ್ತು. ಈ ಕೆಲಸ ಮುಗಿಯುವ ಮುಂಚೆಯೇ ಇನ್ನೊಂದು ಹುಡುಕುತ್ತಿರುವುದಕ್ಕೆ ನಾಚಿಕೆಪಟ್ಟು ಮುಚ್ಚಿಡುತ್ತಿದ್ದನಂತೆ.

ಆಮೇಲೆ ಒಂದೇ ಒಂದು ಮಾತು ಕನ್ನಡದಲ್ಲಿ ಆಡಿದ. ಅವನು ಕನ್ನಡ ಮಾತಾಡಿದ್ದನ್ನು ಅವಳು ಕೇಳಿದ್ದೇ ಅಪರೂಪ.

"ಕಳ್ಳ ಅಂತಿದೀಯಾ ನನ್ನ?"

ಅವಳು ತಿರುಗಿ ಹೊರಗೆ ನಡೆದಳು.

ಕಾರಿನಲ್ಲಿ ಕೂತು ಅಳಲು ನೋಡಿದಳು, ಅಳು ಬರಲಿಲ್ಲ. ಡಬ್ಬ ಪಕ್ಕದ ಸೀಟಿನಲ್ಲಿತ್ತು. ಸಿಟ್ಟಿನಿಂದ ಬಾಗಿಲು ತೆಗೆದು ಕಲ್ಲುಗಳನ್ನು ನೆಲಕ್ಕೆ ಸುರಿದಳು. ಎಲ್ಲ ಬಿದ್ದ ಮೇಲೆ ತಳದಿಂದ ಇನ್ನೊಂದೇನೋ ಹಗುರವಾಗಿ ಉದುರಿತು. ಒಂದು ಪುಟ್ಟ ಪೊಟ್ಟಣ. ಗೋಡೆಯ ಕ್ಯಾಲೆಂಡರಿನಿಂದ ಹರಿದ ಗುರುವಾರದ ಹಾಳೆಯಲ್ಲಿ ಕಟ್ಟಿದ್ದು. ಬಿಚ್ಚಿದಳು.

ಸಕ್ಕರೆ.

ಕದಿಯುವವನು ಕಲ್ಲು ತುಂಬಿಯಾನು; ಸಕ್ಕರೆ ಇಡುವುದಿಲ್ಲ. ಒಬ್ಬರ ಮನೆಯ ಪಾತ್ರೆ ಡಬ್ಬ ಬರಿದಾಗಿ ಹಿಂದಿರುಗಿಸಬಾರದು, ಒಂದು ಚಿಟಿಕೆ ಸಕ್ಕರೆಯಾದರೂ ಹಾಕಿಯೇ ಕಳಿಸಬೇಕು ಎಂದು ನಂಬಿದವರು, ಮೋಸ ಮಾಡುವಾಗಲೂ ಆ ಪದ್ಧತಿ ಬಿಡದವರು, ಈ ಸಿಯಾಟಲ್ ಸೀಮೆಯಲ್ಲೆಲ್ಲ ಅವಳಿಗೆ ಗೊತ್ತಿದ್ದಂತೆ ಒಬ್ಬರೇ.

*

ಸಂಜೆ ಮನೆಗೆ ಬಂದಾಗ ಅಜ್ಜಿ ದೇವರ ಮುಂದೆ ಕೂತು ಬತ್ತಿ ಹೊಸೆಯುತ್ತಿದ್ದಳು. ತಾಯಿ ಮೇಘನಾ ತಮ್ಮನ ಮದುವೆಗೆಂದು ಮೈಸೂರಿಗೆ ಹೋಗಿದ್ದರಿಂದ ಮನೆಯ ದೀಪ, ಒಲೆ ಎರಡೂ ಆಗ ಅಜ್ಜಿಯವೇ.

"ಅಜ್ಜಿ, ಗಂಟೆ ಎಲ್ಲಿ?"

ಹೊಸೆಯುವ ಕೈ ನಿಲ್ಲಲಿಲ್ಲ. "ಸರ ಎಲ್ಲವ್ವ?"

"ನೀನು ಮೊದಲು ಹೇಳು."

"ನೀನ್ ಮೊದ್ಲು ಯೋಳು. ಚಿಕ್ಕೋಳು ನೀನು."

ಕವನಾ ಅಲ್ಲೇ ಕೂತಳು. ಹೇಳಿದಳು. ಅರ್ಧ ಇಂಗ್ಲಿಷು, ಅರ್ಧ ಕನ್ನಡ. ಸಿಟ್ಟು ಬಂದಾಗ ಇಂಗ್ಲಿಷು, ನಾಚಿಕೆಯಾದಾಗ ಕನ್ನಡ. ಅಜ್ಜಿ ಕೊನೆಯತನಕ ಕೇಳಿದಳು. ಆಮೇಲೆ ತನ್ನ ಲೆಕ್ಕ ಬಿಚ್ಚಿದಳು. ಹೋದ ಶುಕ್ರವಾರದಿಂದ ಮೊಮ್ಮಗಳ ಕತ್ತು ಬರಿದು. ನಿನ್ನೆ ಸಂಜೆ ಮನೆಗೆ ಒಂದು ಡಬ್ಬ ಬಂದಿದೆ. ಬೆಳಗಿನ ಜಾವ ಎದ್ದು ಬಿಚ್ಚಿ ನೋಡಿದರೆ ಹಸುವಿನ ಕೊರಳ ಗಂಟೆ. ಕಿಕ್ಕೇರಿ ಕಡೆಯ ತನ್ನ ಹಟ್ಟಿಯಲ್ಲಿ ಮುಂದಿನ ದನದ ಗಂಟೆಯನ್ನು ಅಳಿಯ ಬಂದು ಕೇಳಿದರೂ ಕೊಡುತ್ತಿರಲಿಲ್ಲ. ಇವಳಿಗೆ ಯಾವನೋ ಬಿಳಿಯ ಮುದುಕ ಸುಮ್ಮಸುಮ್ಮನೆ ಕೊಟ್ಟನೆಂದರೆ ನಂಬುವುದು ಹೇಗೆ?

"ಚಿನ್ನ ಬಿಚ್ಕೊಟ್ಬುಟ್ಟು ಹಿತ್ತಾಳೆ ತಂದವ್ಳೆ ಅನ್ಕಂಡೆ" ಎಂದಳು. "ಇಲ್ಲ ಅಂದ್ರೆ ಕೇಳ್ದೆ ಎತ್ಕಂಡ್ ಬಂದವ್ಳೆ. ಎರಡ್ರಾಗೆ ಒಂದು. ಸರ ಬರೋವರ್ಗೂ ಇದು ಇಲ್ಲೇ ಇರ್ಲಿ ಅಂತ ಎತ್ತಿಟ್ಟೆ."

"ನನ್ನನ್ನ ಕೇಳಬಹುದಿತ್ತಲ್ಲ ಅಜ್ಜಿ?"

"ಕೇಳ್ನಿಲ್ವ? ಬಚ್ಚಲಲ್ಲಿ ಅದೆ ಅಂದೆ ನೀನು. ನೀನ್ ಅತ್ಲಾಗೆ ಹೋದ್ಮೇಲೆ ಬಚ್ಚಲೆಲ್ಲ ತಡಕ್ದೆ. ಜಾಲರಿನೂ ಎತ್ತಿ ನೋಡ್ದೆ, ಈ ಸೊಂಟ ನೋವ್ನಾಗೆ."

ಕವನಾ ತಲೆ ತಗ್ಗಿಸಿದಳು. ಕಲ್ಲು ತುಂಬಿದವಳು ಸಕ್ಕರೆ ಯಾಕಿಟ್ಟೆ ಎಂದು ಕೇಳಿದಳು. ಅಜ್ಜಿ ಇದೇನು ಕೇಳುವ ಮಾತೇ ಎಂಬಂತೆ ನೋಡಿದಳು. "ಬರೀ ಡಬ್ಬ ಕಳ್ಸಕಾಯ್ತದ? ಶುಕ್ರವಾರ ಬೇರೆ."

ಗಂಟೆ ಅಕ್ಕಿಯ ಡಬ್ಬದೊಳಗಿತ್ತು. ಲಕ್ಷ್ಮಿಯ ಜಾಗ, ಅಲ್ಲಿದ್ದದ್ದು ಕೆಡುವುದಿಲ್ಲ. ಕವನಾ ಅಕ್ಕಿಯೊಳಗೆ ಮೊಣಕೈತನಕ ಕೈಹಾಕಿ ತೆಗೆದಳು, ಎದೆಗವಚಿಕೊಂಡಳು. ಆದರೆ ಅಜ್ಜಿ ಬಾಗಿಲಿಗೆ ಅಡ್ಡ ನಿಂತಳು. ಶುಕ್ರವಾರ, ದೀಪ ಹಚ್ಚುವ ಹೊತ್ತು, ಮನೆಯಿಂದ ಏನೂ ಹೊರಗೆ ಹೋಗುವ ಹಾಗಿಲ್ಲ. ಹೋದ ಶುಕ್ರವಾರ ಚಿನ್ನ ಹೊಸಿಲು ದಾಟಿಸಿದ್ದಕ್ಕೇ ಇಷ್ಟೆಲ್ಲ ಆದದ್ದು. ಅದೂ ಅಲ್ಲದೆ, ಹೆಣ್ಣುಮಗುವಿನ ಕತ್ತಿನ ಸರ ಬಿಚ್ಚಿಸಿಕೊಂಡವನನ್ನು ತಾನು ನಂಬುವವಳಲ್ಲ. ಗಂಟೆ ಕೈಗೆ ಬಂದಮೇಲೆ ಯಾವ ಸರ ಎಂದರೆ?

ಸೌತ್ ಲೇಕ್ ಯೂನಿಯನ್ ಬಡಾವಣೆಯ ಆಫೀಸಿನಿಂದ ಬಂದ ಅಪ್ಪ ಮಂಜುನಾಥ ಬ್ಯಾಗು ಇಳಿಸುವ ಮುಂಚೆಯೇ ಇಬ್ಬರ ಮಾತನ್ನೂ ಕೇಳಬೇಕಾಯಿತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಸ್ವಭಾವದವನು. ಬೆಳಗ್ಗೆ ಎಲ್ಲರೂ ಒಟ್ಟಿಗೇ ಹೋಗೋಣ, ನಾನೇ ಡ್ರೈವ್ ಮಾಡ್ತೀನಿ ಎಂದ. ಅಜ್ಜಿ ಒಪ್ಪಿದಳು, ಆದರೆ ಗಂಟೆ ತನ್ನ ಮಡಿಲಲ್ಲೇ ಬರಬೇಕು, ಸರ ಕಣ್ಣಿಗೆ ಬಿದ್ದ ಮೇಲೆಯೇ ತನ್ನ ಕೈ ಬಿಡಬೇಕು ಎಂದಳು.

ಕವನಾ ಕೋಣೆಗೆ ಹೋಗಿ ವರುಣ್‌ಗೆ ಕಾಲ್ ಮಾಡಿದಳು. ನಡೆದದ್ದನ್ನು ಹೇಳಿ, ತಪ್ಪಾಯಿತು ಎಂದಳು. ಅವನು, ನಮ್ಮಜ್ಜಿಯಾಗಿದ್ದರೆ ಸಕ್ಕರೆ ಜೊತೆಗೆ ಎಲೆ ಅಡಿಕೆಯನ್ನೂ ಇಡುತ್ತಿದ್ದಳು ಎಂದ. ಪೂರ್ತಿ ಕ್ಷಮಿಸಿದ ದನಿಯಲ್ಲ. ಆದರೂ ಬಾಗಿಲು ಮುಚ್ಚಿದ ದನಿಯೂ ಅಲ್ಲ.

*

ಶನಿವಾರ ಮಂಜು ಎದ್ದಿತ್ತು. ತೆಳುವಾದ ಹನಿ, ಅದರ ಹಿಂದೆ ಎಲ್ಲೋ ಬೆಳಕು. ಅಜ್ಜಿ ಸೀರೆಯ ಮೇಲೆ ಮಗನ ದಪ್ಪ ಜಾಕೆಟ್ಟು ತೊಟ್ಟು ಮುಂದಿನ ಸೀಟಿನಲ್ಲಿ ಕೂತಿದ್ದಳು. ಮಡಿಲಲ್ಲಿ ಟವಲು ಸುತ್ತಿದ ಗಂಟೆ. ದಾರಿಯಲ್ಲಿ ಒಮ್ಮೆ, "ಅಂವ ದನಗಳ್ನ ಯಾರಿಗ್ ಮಾರವ್ನೆ?" ಎಂದು ಕೇಳಿದಳು. ಕವನಾಳಿಗೆ ಗೊತ್ತಿರಲಿಲ್ಲ. ಇಡೀ ಬೇಸಗೆ ಅವನ ಅಜ್ಜನ ಕಾಲದ ದನಗಳ ಬಗ್ಗೆ ಕೇಳಿದ್ದಳು. ಈಗಿರುವ ದನಗಳು ಎಲ್ಲಿಗೆ ಹೋಗುತ್ತವೆಂದು ಒಮ್ಮೆಯೂ ಕೇಳಿರಲಿಲ್ಲ.

ಲಾರಿ ಆಗಲೇ ಬಂದಿತ್ತು. ಹಿಂದಿನ ಬಾಗಿಲು ಇಳಿಸಿ ಹಲಗೆ ಚಾಚಿದ್ದರು. ಆರ್ವಿಡ್ ಇಂಗಾಳ ಕೊರಳಿಗೆ ಹಗ್ಗ ಹಾಕಿ ಎಳೆಯುತ್ತಿದ್ದ. ಇಂಗಾ ನಾಲ್ಕು ಕಾಲೂ ಊರಿ ನಿಂತಿತ್ತು. ಅದರ ಹಿಂದೆ ಇಡೀ ಹಿಂಡು, ಮುಂದಿನವಳನ್ನು ನೋಡುತ್ತಾ, ಅಲುಗದೆ. ಲಾರಿಯವನು ಜೇಬಿನಲ್ಲಿ ಕೈಯಿಟ್ಟು ಆಕಾಶ ನೋಡುತ್ತಿದ್ದ.

ಮೂವರು ಗೇಟಿಗೆ ಬಂದದ್ದನ್ನು ಕಂಡು ಆರ್ವಿಡ್ ಹಗ್ಗ ಸಡಿಲಿಸಿದ. ಗೇಟಿನ ಆಚೆ ಅವನು, ಈಚೆ ಅಜ್ಜಿ. ಇಬ್ಬರ ವಯಸ್ಸೂ ಸರಿಸುಮಾರು ಒಂದೇ. ಒಬ್ಬರನ್ನೊಬ್ಬರು ಸಂತೆಯಲ್ಲಿ ಎತ್ತಿನ ಹಲ್ಲು ನೋಡುವವರ ಹಾಗೆ ನೋಡಿದರು.

ಗಂಟೆ ಸಿಕ್ಕಿದೆ, ನಮ್ಮಜ್ಜಿ ಎತ್ತಿಟ್ಟಿದ್ದಳು, ತಪ್ಪು ನನ್ನದು ಎಂದು ಕವನಾ ಹೇಳಿದಳು. ಮುದುಕ ಕೈ ಚಾಚಿದ. ಅಜ್ಜಿ ಟವಲನ್ನು ಇನ್ನೂ ಬಿಗಿಯಾಗಿ ಹಿಡಿದಳು.

"ಸರ ಎಲ್ಲಿ ಕೇಳು."

ಕೇಳಿದಳು. "ಮೊದಲು ಗಂಟೆ" ಎಂದ ಮುದುಕ. ಅದಕ್ಕೆ ತರ್ಜುಮೆ ಬೇಕಾಗಲಿಲ್ಲ. ಮಂಜುನಾಥ ಮಗಳ ಕಿವಿಯಲ್ಲಿ, ನಮ್ಮ ಆಫೀಸಲ್ಲಿ ಇವರಿಬ್ಬರು ಇದ್ದಿದ್ರೆ ಯಾವ ಮೀಟಿಂಗೂ ಮುಗೀತಾ ಇರಲಿಲ್ಲ ಎಂದು ಪಿಸುಗುಟ್ಟಿದ. ಯಾರೂ ನಗಲಿಲ್ಲ.

ಆಗ ಅಜ್ಜಿ ಸರದ ಮಾತು ಬಿಟ್ಟಳು. ದನಗಳ ಕಡೆ ಗಲ್ಲ ತೋರಿಸಿದಳು.

"ಇವು ಎಲ್ಲಿಗೋಯ್ತವೆ, ಅದ್ನ ಕೇಳು. ದಿಟ ಯೋಳ್ಬೇಕು."

ಕವನಾ ಕೇಳಿದಳು. ಆರ್ವಿಡ್ ಟೋಪಿ ತೆಗೆದು ಮತ್ತೆ ಹಾಕಿಕೊಂಡ. ಬೆಟ್ಟದ ಆಚೆ ಎಲೆನ್ಸ್‌ಬರ್ಗಿನ ಹತ್ತಿರ ತಂಗಿಯ ಮಗನ ಹುಲ್ಲುಗಾವಲಿದೆ, ಇಂಗಾ ಅಲ್ಲಿರುತ್ತಾಳೆ, ಸಾಯುವತನಕ ಹುಲ್ಲಿನ ಮೇಲೇ ಇರುತ್ತಾಳೆ, ಮಾತು ತೆಗೆದುಕೊಂಡಿದ್ದೇನೆ ಎಂದ. ಕರು ಹಾಕುವವನ್ನು ಅವನು ಸಾಕುತ್ತಾನೆ. ಹೋರಿಕರುಗಳನ್ನು ಸಾಕುವುದಿಲ್ಲ. ಅವು ಮಾಂಸಕ್ಕೆ ಹೋಗುತ್ತವೆ. ಇಲ್ಲಿಯೂ ಹಾಗೆಯೇ ಆಗಿದೆ, ನಮ್ಮಪ್ಪನ ಕಾಲದಿಂದ. ಬೇರೆ ಹೇಳಲಾರೆ.

ಅಜ್ಜಿ ಮೊಮ್ಮಗಳ ಮುಖ ನೋಡಿದಳು. ಕವನಾಳ ನಾಲಿಗೆಯ ತುದಿಯಲ್ಲಿ ಇನ್ನೊಂದು ಉತ್ತರ ಸಿದ್ಧವಾಗಿತ್ತು: ಎಲ್ಲವೂ ಹುಲ್ಲುಗಾವಲಿಗೆ ಹೋಗ್ತವೆ ಅಜ್ಜಿ. ಎಷ್ಟು ಸುಲಭ. ಗಂಟೆ ಕೈ ದಾಟುತ್ತದೆ, ಹಸು ನಡೆಯುತ್ತದೆ, ಬೇಸಗೆಯ ಕೆಲಸವೆಲ್ಲ ಉಳಿಯುತ್ತದೆ. ಬಚ್ಚಲಿನಲ್ಲಿದೆ ಎಂದು ಹೇಳಿದ್ದು ಇದೇ ನಾಲಿಗೆ. ಇಂಗ್ಲಿಷು ಬಾರದ ಅಜ್ಜಿ ಕಾಯುತ್ತಿದ್ದಳು. ಕನ್ನಡ ಬಾರದ ಮುದುಕನೂ, ತನ್ನ ಮಾತು ಆಚೆ ಹೇಗೆ ತಲುಪುತ್ತದೋ ಎಂದು ಅವಳ ಬಾಯನ್ನೇ ನೋಡುತ್ತಿದ್ದ.

ಅವನು ಹೇಳಿದ್ದನ್ನು ಹೇಳಿದ ಹಾಗೆಯೇ ಹೇಳಿದಳು. ಹೋರಿಕರುಗಳ ಮಾತನ್ನೂ.

ಅಜ್ಜಿ ಕಣ್ಣು ಮುಚ್ಚಿದಳು. "ಶಿವನೇ" ಎಂದಳು. ಹನಿ ಅವಳ ನೆತ್ತಿಯ ಮೇಲೆ, ಗೇಟಿನ ಮೇಲೆ, ದನಗಳ ಬೆನ್ನ ಮೇಲೆ ಒಂದೇ ಸಮನೆ ಬೀಳುತ್ತಿತ್ತು. ದೇವರಿಗೆ ಅವಳು ಏನು ಹೇಳಿಕೊಂಡಳೋ ಯಾರಿಗೂ ತಿಳಿಯದು. ಕಣ್ಣು ತೆರೆದಾಗ ಅದರಲ್ಲಿ ನೀರಿತ್ತು, ಅನುಮಾನವಿರಲಿಲ್ಲ.

"ಸುಳ್ಳೇಳಿದ್ರೆ ನಂಗೇನ್ ತಿಳೀತಿತ್ತು?" ಎಂದಳು. "ಯೋಳ್ನಿಲ್ಲ ಅವ್ನು. ಗೇಟ್ ತೆಗಿ ಮಗ. ಹೊಸ್ಲಿಗೆ ಅಡ್ಡ ನಿಂತ್ಕಂಡು ಕೊಡಬಾರದು."

ಮಂಜುನಾಥ ಗೇಟು ತೆಗೆದ. ಅಜ್ಜಿ ಕೆಸರಿನಲ್ಲಿ ಹೆಜ್ಜೆ ಊರಿ ಒಳಗೆ ಹೋದಳು. ಟವಲು ಬಿಚ್ಚಿ, ನಾಲಿಗೆಗೆ ತುರುಕಿದ್ದ ಹತ್ತಿ ತೆಗೆದು, ಎರಡೂ ಕೈಯಿಂದ ಗಂಟೆಯನ್ನು ಮುದುಕನ ಮುಂದೆ ಹಿಡಿದಳು. ಸರದ ಮಾತು ಎತ್ತಲಿಲ್ಲ. ಆರ್ವಿಡ್ ತೆಗೆದುಕೊಂಡು ತಿರುಗಿಸಿ ನೋಡಿದ. ಒಳಗಿಂದ ನಾಲ್ಕು ಅಕ್ಕಿ ಕಾಳು ಅವನ ಅಂಗೈಗೆ ಉದುರಿದವು. ಅವು ಏನೆಂದು ಕೇಳಲಿಲ್ಲ. ಕೆಳಗೆ ಚೆಲ್ಲಲೂ ಇಲ್ಲ, ಅಂಗಿಯ ಜೇಬಿಗೆ ಹಾಕಿಕೊಂಡ.

ಇಂಗಾಳ ಕೊರಳಿಗೆ ಪಟ್ಟಿ ಕಟ್ಟಿದ. ಬೋಳು ಗೆರೆಯ ಮೇಲೆ ಅದು ಸರಿಯಾಗಿ ಕೂತಿತು. ಆಮೇಲೆ ಕವನಾಳ ಕಡೆ ತಿರುಗದೆಯೇ, "ನಿನ್ನ ರೆಕಾರ್ಡರ್ ಇದೆಯಾ?" ಎಂದ. ಇದೆ ಎಂದಳು. "ಮುಚ್ಚಿದ ಕೋಣೆಯಲ್ಲಿ ಹಿಡಿದದ್ದು ಗಂಟೆಯ ದನಿಯಲ್ಲ. ಇದನ್ನು ಹಿಡಿ."

ಹಗ್ಗ ಬೇಕಾಗಲಿಲ್ಲ. ಮುದುಕ ಮುಂದೆ ನಡೆದ, 'ಢಣ್' ಎಂದು ಗಂಟೆಯಾಡಿಸುತ್ತಾ ಇಂಗಾ ಹೆಜ್ಜೆ ಎತ್ತಿತು. ಒಂದರ ಹಿಂದೆ ಒಂದು ಉಳಿದವೂ ಸಾಲುಗಟ್ಟಿದವು. ಕವನಾ ಫೋನನ್ನು ಮುಂದಕ್ಕೆ ಹಿಡಿದು ಉಸಿರು ಬಿಗಿಹಿಡಿದು ನಿಂತಳು. ಗಂಟೆ, ಗೊರಸು, ಹಲಗೆ, ಮಳೆ, ದೂರದ ಹೆದ್ದಾರಿ, ಎಲ್ಲ ಸೇರಿಕೊಂಡವು. ಅಜ್ಜಿ ಕೈಮುಗಿದು ನಿಂತಿದ್ದಳು. ಲಾರಿಯವನು ಬಾಗಿಲು ಎತ್ತಿ ಕೊಂಡಿ ಹಾಕಿದ. ಗಂಟೆಯನ್ನು ಬಿಚ್ಚಿ ಕೊಡಬೇಕೇ ಎಂದು ಕೇಳಿದ. ಬೇಡ, ಅದು ಮುಂದೆ ನಡೆಯುವವಳದು ಎಂದ ಆರ್ವಿಡ್.

ಲಾರಿ ಏರು ಇಳಿದು ಕಾಣದಾಯಿತು. ಗಂಟೆಯ ದನಿ ಇನ್ನೂ ಸ್ವಲ್ಪ ಹೊತ್ತು ಕೇಳುತ್ತಿತ್ತು, ಅಥವಾ ಕೇಳುತ್ತಿದೆ ಎಂದು ಅನ್ನಿಸುತ್ತಿತ್ತು.

ಯಾರೂ ಸರದ ಮಾತು ಎತ್ತಲಿಲ್ಲ. ಅಜ್ಜಿ ಹೋಗೋಣ ನಡಿ ಎಂದು ಮಗನಿಗೆ ಸನ್ನೆ ಮಾಡಿ ಕಾರಿನ ಕಡೆ ತಿರುಗಿದಳು. ಆಗ ಆರ್ವಿಡ್ ಅವಳ ಹಿಂದೆಯೇ ಕುಂಟುತ್ತಾ ಬಂದ. ಮನೆಯೊಳಗೆಲ್ಲ ಪೆಟ್ಟಿಗೆಗಳು, ಯಾವುದರಲ್ಲಿಟ್ಟೆನೆಂದು ಮರೆತುಬಿಡುತ್ತಿದ್ದೆ ಎಂದು ಕವನಾಳಿಗೆ ಹೇಳಿದ. ಹೇಳುತ್ತಾ ಅಂಗಿಯ ಮೇಲಿನ ಗುಂಡಿ ಬಿಚ್ಚಿದ. ಸುಕ್ಕುಗಟ್ಟಿದ ಅವನ ಕತ್ತಿನಲ್ಲಿ, ಬನಿಯನ್ನಿನ ಅಂಚಿಗೆ, ಲಕ್ಷ್ಮಿಯ ಕಾಸಿನ ಎಳೆ ಸರ. ಟೋಪಿ ತೆಗೆದು, ಸರವನ್ನು ನಿಧಾನವಾಗಿ ತಲೆಯ ಮೇಲಿಂದ ಎತ್ತಿ ತೆಗೆದು, ಅಜ್ಜಿಯ ಅಂಗೈ ಮೇಲಿಟ್ಟ.

ಅಜ್ಜಿ ಅದನ್ನು ಕಣ್ಣಿಗೊತ್ತಿಕೊಂಡಳು. ಸರ ಇನ್ನೂ ಬೆಚ್ಚಗಿತ್ತು.